ಯಾರೂ ಬರೆಸದ ಸಾಲು

ಬಾದಾಮಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವ ಮೃಣಾಲಿನಿಗೆ ಕಳೆದ ಮಾರ್ಚಿನಲ್ಲಿ ಆದದ್ದಿದು. ಆಕೆ ಇಲ್ಲದ್ದನ್ನು ಹೇಳುವ ಹೆಂಗಸಲ್ಲ. ಅಂಡಮಾನಿನಲ್ಲಿ ನೌಕರಿಗಿದ್ದ ಅವಳ ಅಣ್ಣ ಶಿರೀಷ 2004ರ ಸುನಾಮಿಯಲ್ಲಿ ಹೋದವನು. ಹೆಣ ಕೂಡ ಸಿಗಲಿಲ್ಲ.

ಅಂದು ಮಧ್ಯಾಹ್ನ ಅವಳು ಒಂಬತ್ತನೇ ತರಗತಿಗೆ ಭೂಕಂಪದ ನೋಟ್ಸ್ ಬರೆಸುತ್ತಿದ್ದಳು. ಕಡಲ ತಳದಲ್ಲಿ ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರಿದರೆ ಮೇಲಿನ ನೀರೆಲ್ಲ ಎದ್ದು ದಡಕ್ಕೆ ನುಗ್ಗುತ್ತದೆ ಎನ್ನುವಷ್ಟರಲ್ಲಿ ಕೋಣೆಯಲ್ಲಿ ಮೀನಿನ ವಾಸನೆ ಹರಡಿತು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಕಾಲ ಕೆಳಗಿನ ಫರಸಿ ತಣ್ಣಗೆ ಕೊರೆಯುತ್ತಿತ್ತು. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದಳು, ಬರೀ ಉಪ್ಪು. ಅವಳು ಮಾತು ನಿಲ್ಲಿಸಿದ್ದರೂ ಹುಡುಗಿಯರು ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು.

ಗಾಬರಿಯಾಗಿ ಮುಂದಿನ ಬೆಂಚಿನ ರೋಹಿಣಿಯ ನೋಟಬುಕ್ ಎಳೆದುಕೊಂಡಳು. ಕೊನೆಯ ಸಾಲು ಹೀಗಿತ್ತು: ‘ನೀರು ಭಾಳ ಹಿಂದಕ್ಕ ಸರದದ ಮಿನೂ, ಮೀನು ಉಸುಕಿನ್ಯಾಗ ಒದ್ದಾಡ್ಲಿಕ್ಕತ್ತಾವ. ನೋಡಿ ಬರ್ತೇನಿ.’

ಅವಳನ್ನು ಮಿನೂ ಎನ್ನುತ್ತಿದ್ದವನು ಶಿರೀಷನೊಬ್ಬನೇ.

“ಇದನ್ನ ಯಾರು ಬರಸಿದ್ರು?”

“ನೀವ ಬರಸಿದ್ರಲ್ರಿ ಟೀಚರ್,” ಎಂದಳು ರೋಹಿಣಿ. “ದನಿ ಮಾತ್ರ ಗಂಡಸರ ದನಿ ಇದ್ಹಂಗಿತ್ತು.”

ಎಲ್ಲ ನೋಟಬುಕ್ಕುಗಳಲ್ಲೂ ಅದೇ ಸಾಲು.

ಸಂಜೆ ಮನೆಯಲ್ಲಿ ಅದನ್ನು ಓದಿ ಹೇಳಿದಾಗ ತಾಯಿ ತುಳಸೀಬಾಯಿ ಒಲೆ ಆರಿಸಿ ಬಂದು ಮಗಳ ಪಕ್ಕ ಕೂತರು.

“ಆವತ್ತ ಮುಂಜಾನಿ ಅವನ ಫೋನು ನಾನ ತಗೊಂಡಿದ್ದೆ,” ಎಂದರು. “ನೀನ ತಗೊಂಡಿ ಅಂತ ತಿಳದು, ಇಷ್ಟ ಅಂದು ಇಟ್ಟ. ನಾ ಇದನ್ನ ಯಾರ ಮುಂದೂ ಹೇಳಿಲ್ಲ.”