ರಾಣಿ ಉಮ್ಸುನಾಯ್‌ಳ ಬಿಳಿ ಮುಂಡಾಸು

ಸೆಪ್ಟೆಂಬರ್ ಹತ್ತೊಂಬತ್ತರ ಬೆಳಗ್ಗೆ ಒಂಬತ್ತು ಗಂಟೆಗೆ ಅಲಾಯ್ ಕಣಿವೆಯ ಠಾಣೆಗೆ ದೂರು ಬಂತು. ತಂದವನು ತಾಲಾಯ್, ರಾಣಿ ಉಮ್ಸುನಾಯ್‌ಳ ಜೀವನವನ್ನು ತೆರೆಗೆ ತರುತ್ತಿದ್ದ ಸಿನಿಮಾದ ವ್ಯವಸ್ಥಾಪಕ. ಮ್ಯೂಸಿಯಂನಿಂದ ಎರವಲು ತಂದಿದ್ದ ರಾಣಿಯ ಸ್ವಂತ ಮುಂಡಾಸಿನ ಬಟ್ಟೆ ಕಳುವಾಗಿದೆ, ಅದರ ಜಾಗದಲ್ಲಿ ಸಂತೆಯ ಬಟ್ಟೆ ಇದೆ ಎಂದ. ಕೊನೆಯ ದೃಶ್ಯದಲ್ಲಿ ರಾಣಿ ಅದನ್ನು ಬಿಚ್ಚಿ ಎರಡು ಸೈನ್ಯಗಳ ನಡುವೆ ಹಾಸಬೇಕು. ಬಟ್ಟೆ ಸಿಗದಿದ್ದರೆ ಮ್ಯೂಸಿಯಂನವರು ಸಿನಿಮಾವನ್ನೇ ನಿಲ್ಲಿಸುತ್ತಾರೆ.

ಇನ್ಸ್‌ಪೆಕ್ಟರ್ ಕನಿಮೆತ್ ಎಫ್‌ಐಆರ್ ದಾಖಲಿಸಿದ. ಮಕ್ಕಳನ್ನು ಸೆರೆಹಿಡಿದ ಶತ್ರುವಿನ ಪಾಳೆಯಕ್ಕೆ ಒಬ್ಬಳೇ ಕುದುರೆಯೇರಿ ಹೋದ ಗಟ್ಟಿಗಿತ್ತಿ ಉಮ್ಸುನಾಯ್. ಅವಳ ಕತೆ ಕೇಳದೆ ಆ ಕಣಿವೆಯಲ್ಲಿ ಯಾವ ಮಗುವೂ ಮಲಗಿದ್ದಿಲ್ಲ, ಕನಿಮೆತ್ ಕೂಡ. ಅಂಥವಳ ಬಟ್ಟೆಗೆ ಕೈ ಹಾಕೋಕೆ ಯಾರಿಗಪ್ಪ ಧೈರ್ಯ ಬಂತು ಎಂದು ಕಾನ್‌ಸ್ಟೇಬಲ್ ಎರ್ಗೇಶ್ ದಾರಿಯುದ್ದಕ್ಕೂ ಗೊಣಗಿದ.

ಚಿತ್ರೀಕರಣದ ಡೇರೆಯಲ್ಲಿ ಪಂಚನಾಮೆ ನಡೆಯಿತು. ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ. ಕೀಲಿ ಎಲ್ಲರ ಕಣ್ಣಿಗೂ ಬೀಳುವಂತೆ ಡೇರೆಯ ಕಂಬಕ್ಕೇ ನೇತಾಡುತ್ತಿತ್ತು. ಎರ್ಗೇಶ್‌ನ ಅನುಮಾನವೆಲ್ಲ ವಾರದ ಹಿಂದೆ ಬಂದು ಹೋಗಿದ್ದ ಓಶ್ ಪಟ್ಟಣದ ಹಳೇ ಸಾಮಾನಿನ ವ್ಯಾಪಾರಿಯ ಮೇಲೆ. ಫೋನ್ ಮಾಡಿ ವಿಚಾರಿಸಿದರೆ ಆಸಾಮಿ ಅಂದಿನಿಂದ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಆ ದಾರಿ ಅಲ್ಲಿಗೆ ಮುಗಿಯಿತು.

ಕನಿಮೆತ್ ಮಾತ್ರ ಪೆಟ್ಟಿಗೆಯಿಂದ ಹೊರತೆಗೆದಿಟ್ಟ, ಸಂತೆಯ ಬಟ್ಟೆಯ ಮುಂಡಾಸು ಹೊತ್ತಿದ್ದ ಮರದ ತಲೆಯ ಸುತ್ತ ಸುತ್ತುತ್ತಲೇ ಇದ್ದ.

"ಈ ಬಟ್ಟೆ ಸುತ್ತಿದ್ದು ಯಾರು?"

"ಕಳ್ಳನೇ ಇರಬೇಕು ಸಾಹೇಬ್ರೆ. ನಮ್ಮವರಿಗೆ ಸುತ್ತೋಕೆಲ್ಲಿ ಬರುತ್ತೆ? ಹೊಲಿದಿಟ್ಟಿದ್ದನ್ನ ಟೋಪಿ ಥರ ಹಾಕಿಬಿಡ್ತಾರೆ," ಎಂದ ತಾಲಾಯ್.

"ಕದ್ದು ಓಡೋನಿಗೆ ಕೂತು ಸುತ್ತೋ ದರ್ದು ಏನಿತ್ತು?"

ಉತ್ತರ ಕನಿಮೆತ್‌ಗೇ ಗೊತ್ತಾಗಿತ್ತು. ಮದುವೆಯಾದ ಹೆಣ್ಣಿನ ತಲೆ ಬರಿದಾಗಿರಬಾರದು. ರಾಣಿಯದಂತೂ, ಮರದ್ದಾದರೂ, ಸರ್ವಥಾ ಆಗಿರಬಾರದು. ಕಳ್ಳರಿಗೆ ಪೊಲೀಸರಿಗಿಂತ ಅದರ ಅಂಜಿಕೆಯೇ ಹೆಚ್ಚಾಗಿತ್ತು. ಒಂದು ಸುಕ್ಕಿಲ್ಲದ ಸುತ್ತು, ಎಡಗಿವಿಯ ಮೇಲೆ ಸಿಕ್ಕಿಸಿದ ಸೆರಗು, ಆಹಾ, ಎಂಥ ಕೈ! ಅದು ರಾಣಿಯ ವಂಶದವರ ಕಟ್ಟು. ಅದನ್ನು ಬಲ್ಲವಳು ಉಳಿದದ್ದು ಒಬ್ಬಳೇ, ಆ ವಂಶದ ಕೊನೆಯ ಸೊಸೆ ಸೊನುನ್ ಅಜ್ಜಿ. ರಾಣಿಯ ಪಾತ್ರ ಮಾಡುವ ನಾಯಕಿ ಬುರುಲ್‌ಗೆ ಆ ಕಟ್ಟು ಕಲಿಸಲು ಅಜ್ಜಿ ಬೇಸಿಗೆಯೆಲ್ಲ ಡೇರೆಗೆ ಬರುತ್ತಿದ್ದಳು.

ಅಜ್ಜಿ ಮೊನ್ನೆ ತೀರಿಕೊಂಡಿದ್ದಳು, ನಿನ್ನೆ ಮಣ್ಣು ಮಾಡಿದ್ದರು. ಬುರುಲ್ ಎಲ್ಲಿ ಎಂದರೆ, ರಜೆ ಹಾಕಿ ಸಾವಿನ ಮನೆಯಲ್ಲೇ ಇದ್ದಾಳೆ ಎಂದ ತಾಲಾಯ್.

ಸಾವಿನ ಮನೆಗೆ ಹೋಗುವ ಗಂಡಸು ದೂರದಿಂದಲೇ ಗಟ್ಟಿಯಾಗಿ ಅಳುತ್ತ ಹೋಗಬೇಕು, ಪೊಲೀಸನಾದರೂ ಅಷ್ಟೇ. ಕನಿಮೆತ್ ಜೀಪಿಳಿದು "ಅಯ್ಯೋ ನಮ್ಮವ್ವಾ" ಎಂದು ಕೂಗುತ್ತ ನಡೆದ. ಶಾಸ್ತ್ರಕ್ಕೆಂದು ಶುರುವಾದ ಅಳು, ಅಂಗಳದಲ್ಲಿ ಸಾವಿಗೆಂದು ಹಾಕಿದ್ದ ಗುಡಾರ ತಲುಪುವಷ್ಟರಲ್ಲಿ ನಿಜದ್ದೇ ಆಯಿತು. ಅವನ ತಲೆ ಸವರಿ ಬೈದಿದ್ದ ಅಜ್ಜಿ ಅವಳು.

ಕೈ ತೊಳೆದು, ರೊಟ್ಟಿ ಮುರಿದು ಬಾಯಿಗಿಟ್ಟ ಮೇಲೆ, ಹೆಣಕ್ಕೆ ಸ್ನಾನ ಮಾಡಿಸಿದ ಮುದುಕಿಯನ್ನು ಪಕ್ಕಕ್ಕೆ ಕರೆದ. ಯಾವ ಬಟ್ಟೆ ಹೊದಿಸಿದಿರಿ ಎಂದು ಕೇಳಿದ.

ಮುದುಕಿ ಅವನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದಳು. "ಹೆಣ್ಣಿನ ಮೈಮೇಲಿನ ಬಟ್ಟೆ ವಿಚಾರ ಗಂಡಸು ಕೇಳ್ತಾನೇನಪ್ಪಾ?"

ಅವನು ತಲೆ ತಗ್ಗಿಸಿದ. ರಾಣಿಯ ಬಟ್ಟೆಯಲ್ಲ ಎಂದು ಅವಳು ಅನ್ನಲಿಲ್ಲ, ಅಷ್ಟು ಸಾಕಿತ್ತು. ಹಿಂದೆಲ್ಲ ವಲಸೆಯ ದಾರಿಯಲ್ಲಿ ಹೆಂಗಸು ಸತ್ತರೆ ಅವಳ ಮುಂಡಾಸನ್ನೇ ಬಿಚ್ಚಿ ಹೊದಿಸುತ್ತಿದ್ದರು. ಹೆಣ್ಣಾದವಳು ತನ್ನ ಹೆಣದ ಬಟ್ಟೆಯನ್ನು, ಕಫನ್ ಅನ್ನು, ತಲೆಯ ಮೇಲೇ ಹೊತ್ತು ಬದುಕುತ್ತಿದ್ದಳು.

ಎರ್ಗೇಶ್ ಹತ್ತಿರ ಬಂದು ಪಿಸುಗುಟ್ಟಿದ. "ಸಮಾಧಿ ತೆಗೆಸಿ ಅಂತ ಮ್ಯೂಸಿಯಂನವರು ಹಟ ಹಿಡಿದ್ರೆ?"

"ಮೊದ್ಲು ನನ್ನನ್ನ ಅದರೊಳಗೆ ಇಳಿಸ್ಲಿ."

ಗುಡಾರದೊಳಗೆ ಒಂದು ಹೆಣ್ಣುದನಿ ಸತ್ತವಳ ಬದುಕನ್ನು ಹಾಡಿ ಹಾಡಿ ಅಳುತ್ತಿತ್ತು. ಅದು ಮಗಳ ಕೆಲಸ. ಸೊನುನ್ ಅಜ್ಜಿಗೆ ಮಕ್ಕಳಿರಲಿಲ್ಲ. ಮಗಳ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದವಳು ಬುರುಲ್. ಹಾಡು ಮುಗಿಯುವವರೆಗೂ ಕನಿಮೆತ್ ಹೊರಗೇ ನಿಂತ.

ಅವಳೇ ಎದ್ದು ಬಂದಳು. "ಹೊರಡೋಣ ಅಣ್ಣ."

"ಕೊಡಿ ಅಂತ ಕೇಳಬಾರದಿತ್ತೇನಮ್ಮಾ?"

"ಕೇಳಿದೆ. ಸಿನಿಮಾ ಮುಗೀಲಿ, ಆಮೇಲೆ ಸಭೆಯಲ್ಲಿ ಇಡ್ತೀವಿ ಅಂದ್ರು ಮ್ಯೂಸಿಯಂನವರು. ಅಷ್ಟೊತ್ತು ಹೆಣ ಕಾಯುತ್ತಾ?"

ಸಂಜೆ ನಾಲ್ಕಕ್ಕೆ ಬಂಧನವಾಯಿತು. ಮಾಲು ಇರುವ ಜಾಗ ತಿಳಿದಿದೆ, ವಶಪಡಿಸಿಕೊಳ್ಳುವಂತಿಲ್ಲ ಎಂದು ಕನಿಮೆತ್ ಬರೆದ. ಎಂಥ ಪಾತ್ರ ಕೈಬಿಟ್ಟೆಯಲ್ಲೇ ತಾಯಿ ಎಂದು ಅವನು ಮರುಗಿದ. ಇವಳಿಗಿಂತ ಚೆನ್ನಾಗಿ ಉಮ್ಸುನಾಯ್ ಆಗಬಲ್ಲವಳು ಇನ್ನು ಯಾರಿದ್ದಾರೆ?

ಜೀಪಿನಲ್ಲಿ ಬುರುಲ್ ತಾನಾಗಿಯೇ ಹೇಳಿದಳು. ಅಜ್ಜಿಯ ಗಂಡ ಆ ಬಟ್ಟೆಯನ್ನು ಹೆಂಡತಿಯನ್ನೊಂದು ಮಾತು ಕೇಳದೆ ಮ್ಯೂಸಿಯಂಗೆ ಕೊಟ್ಟುಬಿಟ್ಟಿದ್ದನಂತೆ.

"ಮೊದಲನೇ ಸಲ ನನ್ನ ತಲೆಗೆ ಸುತ್ತಿದಾಗ ಅಜ್ಜಿ ಹಿಂದೆ ಸರಿದು ನೋಡಿದ್ರು. 'ನನ್ನ ಕಫನ್ ನಿನಗೆ ಚೆನ್ನಾಗಿ ಒಪ್ಪುತ್ತೆ ಕಣೇ' ಅಂದು ನಕ್ಕುಬಿಟ್ರು. ಆಮೇಲೆ ಅದನ್ನ ಹಾಕ್ಕೊಂಡು ನಾನು ಹೆಂಗಣ್ಣ ರಾಣಿ ಆಗ್ಲಿ?"