ತಣ್ಣಗಿದ್ದಾಗ 0.12

ಕಳೆದ ಏಪ್ರಿಲ್‌ನಲ್ಲಿ ಹನೆಡಾದಲ್ಲಿ ಇಳಿಯಬೇಕಿದ್ದ ವಿಮಾನವೊಂದು ದಾರಿ ತಪ್ಪಿ ಒಸಾಕಾಕ್ಕೆ ಹೋಯಿತಲ್ಲ, ಅದಕ್ಕೆ ಕಾರಣ ನಾನು. ಮಿನಾಟೋದಲ್ಲಿರುವ ನಮ್ಮ ಐಟಿ ಆಫೀಸಿನ ಸ್ಮೋಕಿಂಗ್ ಮೂಲೆಯಲ್ಲಿ ನಿಂತು ಒಂದೇ ಒಂದು ಸಲ ವೇಪ್, ಅಂದರೆ ಇ-ಸಿಗರೇಟು, ಎಳೆದು ಬಿಟ್ಟೆ. ಟೋಕಿಯೋ ಟವರ್ ಸೊಂಟದವರೆಗೆ ಮುಚ್ಚಿಹೋಯಿತು. ಮರುದಿನ ಪೈಲಟ್ ನನ್ನನ್ನು ಹುಡುಕಿಕೊಂಡು ಬಂದು, ನಡು ಬಗ್ಗಿಸಿ, ಇನ್ನು ಮೇಲೆ ದಯವಿಟ್ಟು ಒಂದು ಮಾತು ಮುಂಚೆ ತಿಳಿಸಿ ಎಂದ. ಆಗಲಿ ಎಂದೆ. ನನ್ನದು ದೊಡ್ಡ ಮನಸ್ಸು.

ಇಂಥ ನಂಜುಂಡಸ್ವಾಮಿಗೆ, ಮೈಸೂರಿನಿಂದ ಯೊಕೊಹಾಮಾದವರೆಗೆ ಹೆಂಗಸರ ನಿದ್ದೆ ಕೆಡಿಸಿದ ಈ ನಂಜುಂಡಸ್ವಾಮಿಗೆ, ಒಬ್ಬಳು ಮೋಸ ಮಾಡಿ ಹೋದಳು. ಅವಳ ಹೆಸರು ಸುಭದ್ರಾ.

ಕಾಶಿವಾದಲ್ಲಿ ನಮ್ಮ ಕನ್ನಡ ಬಳಗದ ಯುಗಾದಿ ಊಟವಿತ್ತು. ನಾನು ಅರ್ಧ ಒಬ್ಬಟ್ಟು ಕೈಯಲ್ಲಿ ಹಿಡಿದು, ಎದುರಿನ ಕೊಂಬಿನಿ ಅಂಗಡಿಯ ಪಕ್ಕ ಆಶ್‌ಟ್ರೇ ಇಟ್ಟ ಮೂಲೆಗೆ ಹೋಗಿ ವೇಪ್ ಹಚ್ಚಿದೆ. ಊಟಕ್ಕೆ ಮೊಸರು ಸಾಲದೆ ತರಲು ಬಂದವಳು, ಎರಡು ಕೈಯಲ್ಲೂ ಮೊಸರಿನ ಡಬ್ಬಿ ಹಿಡಿದು ನನ್ನ ಮುಂದೆ ನಿಂತಳು.

"ಸುಮಿಮಾಸೆನ್," ಎಂದು ಜಪಾನಿಯಲ್ಲಿ ಕ್ಷಮೆ ಕೇಳಿದಳು. ಆಮೇಲೆ ಒಬ್ಬಟ್ಟು ನೋಡಿ ಭಾಷೆ ಬದಲಿಸಿದಳು. "ಸುಟ್ಟ ವಾಸನೆ ಬರ್ತಿದೆ. ಒಬ್ಬಟ್ಟಿಂದಾ, ನಿಮ್ಮ ಮೆಷಿನ್‌ದಾ?"

"ಈ ಮೆಷಿನ್ ಇಡೀ ಜಪಾನಲ್ಲಿ ಎರಡೇ ಇರೋದು. ಇನ್ನೊಂದು ಮ್ಯೂಸಿಯಂನಲ್ಲಿದೆ."

"ಒಳಗಿರೋ ಕಾಯಿಲ್ ಯಾವ್ದು?"

"ನಿಕಲ್. ನಾನೇ ಕಂಡುಹಿಡಿದಿದ್ದು."

ಅವಳು ನಗಲಿಲ್ಲ. ಬಲಗಡೆಯ ಹುಬ್ಬೊಂದು ಮಾತ್ರ ನಿಧಾನವಾಗಿ ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಕೂತು, ಕೆಳಗಿಳಿಯಿತು. "ನಿಕಲ್ ಕಂಡುಹಿಡಿದು ಇನ್ನೂರೈವತ್ತು ವರ್ಷ ದಾಟಿದೆ," ಎಂದಳು. "ವಯಸ್ಸು ಗೊತ್ತಾಗೋದೇ ಇಲ್ಲ ನಿಮಗೆ."

ಆ ಹುಬ್ಬು ಇಳಿಯುವಷ್ಟರಲ್ಲಿ ನನ್ನ ಕಥೆ ಮುಗಿದಿತ್ತು.

ಅವಳು ಅಲ್ಲಿಯೇ ಯೂನಿವರ್ಸಿಟಿಯಲ್ಲಿ ಸಂಶೋಧಕಿ. ಲೋಹದ ತಂತಿಗಳನ್ನು ಕಾಯಿಸುವುದು, ಅವುಗಳ ರೆಸಿಸ್ಟೆನ್ಸ್ ಅಳೆಯುವುದು, ಬರೆದಿಡುವುದು. ಇಷ್ಟೇ ಕೆಲಸ. ಮೊಸರಿನ ಡಬ್ಬಿಗಳನ್ನು ನನ್ನ ಕೈಗೆ ತುರುಕಿ ಮೆಷಿನ್ ತೆಗೆದುಕೊಂಡಳು.

"ನಿಕಲ್ ಹಾಕಿ ವ್ಯಾಟ್ ಮೋಡ್‌ನಲ್ಲಿ ಇಟ್ಟಿದೀರಲ್ಲ," ಎಂದಳು. "ಬಿಸಿಯಾದಷ್ಟೂ ನಿಕಲ್ ರೆಸಿಸ್ಟೆನ್ಸ್ ಏರುತ್ತೆ. ಆ ಏರಿಕೆ ನೋಡ್ಕೊಂಡೇ ಮೆಷಿನ್ ಟೆಂಪರೇಚರ್ ಕಂಟ್ರೋಲ್ ಮಾಡೋದು. ವ್ಯಾಟ್ ಮೋಡ್‌ನಲ್ಲಿ ಅದು ನೋಡೋದೇ ಇಲ್ಲ, ಸುಮ್ನೆ ಕಾಯಿಸ್ತಾ ಹೋಗುತ್ತೆ. ನಿಕಲ್ ಅಂದ್ರೆ ಟೆಂಪರೇಚರ್ ಮೋಡೇ ಆಗ್ಬೇಕು."

"ನಿಮಗೂ ವೇಪ್ ಅಭ್ಯಾಸನಾ?"

"ಇಲ್ಲಪ್ಪ. ನನಗೆ ತಂತಿ ಅಭ್ಯಾಸ."

ಆಮೇಲಿನ ಪ್ರತಿ ಶನಿವಾರ ನಾನು ಕಾಶಿವಾಕ್ಕೆ ಹೋದೆ. ರೈಲಿನಲ್ಲಿ ಅಂತ ಜನ ತಿಳಿದಿದ್ದಾರೆ. ನಿಜವಾಗಿ ನಡೆದೇ ಹೋಗುತ್ತಿದ್ದೆ, ರೈಲಿಗಿಂತ ಬೇಗ ಸೇರುತ್ತಿದ್ದೆ.

ಕ್ಯಾಂಪಸ್ ಪಕ್ಕದ ಪಾರ್ಕಿನಲ್ಲಿ ಒಂದು ಬೆಂಚು. ಅವಳು ಕಾಯಿಲ್ ಮಾಡಲು ಸ್ಕ್ರೂಡ್ರೈವರಿನ ಕಡ್ಡಿಗೆ ನಿಕಲ್ ತಂತಿ ಸುತ್ತುವಳು, ಒಂದು ಸುತ್ತು ಇನ್ನೊಂದಕ್ಕೆ ತಾಗದ ಹಾಗೆ, ನಡುವೆ ಕೂದಲೆಳೆ ಜಾಗ ಬಿಟ್ಟು. ಆ ಸುರುಳಿಯೊಳಗೆ ತೂರಿಸಿ ದ್ರವದಲ್ಲಿ ನೆನೆಸುವ ಹತ್ತಿಯನ್ನು ನಾನು ಹಿಡಿದು ಕೂರುವೆ. ಅವಳು ಹತ್ತಿಗೆ ಕೈ ಚಾಚುವಳು. ನಾನು ಹತ್ತಿಯ ಜೊತೆ ಬೆರಳನ್ನೂ ಕೊಡುವೆ. ಅವಳು ಹತ್ತಿಯನ್ನು ಮಾತ್ರ ತೆಗೆದುಕೊಂಡು, ಬೆರಳನ್ನು ಹಿಂದಿರುಗಿಸುವಳು, ಆದರೆ ತುಸು ತಡವಾಗಿ.

"ಕೆಂಪಗೆ ಕಾಯಿಸಿ ನೋಡೋದು ಬೇಡ. ನಿಕಲ್‌ಗೆ ಅದು ಆಗಲ್ಲ. ಹತ್ತಿ ಪೂರ್ತಿ ನೆನೀಲಿ. ಇನ್ನೂರ ಹತ್ತು ಡಿಗ್ರಿ ಮೇಲೆ ಇಡ್ಬೇಡ." ಎರಡನೇ ಶನಿವಾರಕ್ಕೇ ನಾನು 'ನೀನು' ಆಗಿದ್ದೆ.

ಟ್ಯಾಂಕಿಗೆ ತುಂಬುವ, ನಿಕೋಟಿನ್ ಇಲ್ಲದ, ಯುಝು ಎಂಬ ಜಪಾನಿ ನಿಂಬೆಯ ವಾಸನೆಯ ದ್ರವ ಅವಳೇ ಆರಿಸಿದ್ದು. "ಬಿಟ್ಬಿಡೋದೇ ಒಳ್ಳೇದು," ಎಂದಳು. "ಬಿಡೋವರೆಗೆ ಸುಟ್ಕೊಳ್ಳದೆ ಎಳಿ."

ಎಲ್ಲಕ್ಕಿಂತ ಮುಖ್ಯವಾದದ್ದನ್ನು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು. "ಟ್ಯಾಂಕ್ ಬಿಚ್ಚಿ ಹಾಕಿದಾಗೆಲ್ಲ ಇದು ಕೇಳುತ್ತೆ, ಹೊಸ ಕಾಯಿಲಾ, ಅದೇ ಕಾಯಿಲಾ ಅಂತ. ಬಿಸಿ ಇದ್ದಾಗ 'ಹೊಸದು' ಒತ್ತಿದ್ರೆ, ಆ ಬಿಸಿ ಅಳತೆಯನ್ನೇ ತಣ್ಣಗಿನ ಅಳತೆ ಅಂತ ನಂಬ್ಕೊಳ್ಳುತ್ತೆ. ಆಮೇಲೆ ಸ್ಕ್ರೀನಲ್ಲಿ ಇನ್ನೂರು ತೋರಿಸ್ತಾ ಒಳಗೆ ನಾನೂರು ದಾಟುತ್ತೆ. ಅದಕ್ಕೇ ಆರೋವರೆಗೆ ಕಾಯ್ಬೇಕು. ಕೇಳಿಸ್ತಾ?"

"ಗಲ್ಲ ಬಿಟ್ರೆ ಕೇಳಿಸುತ್ತೆ."

ಬಿಡಲಿಲ್ಲ.

ತಣ್ಣಗಿನ ಅಳತೆ ತೆಗೆದು, ಬಿಳಿ ಟೇಪಿನ ಚೂರಿನ ಮೇಲೆ ಗುಂಡಗಿನ ಅಕ್ಷರದಲ್ಲಿ 'ತಣ್ಣಗಿದ್ದಾಗ 0.12' ಎಂದು ಬರೆದು ಮೆಷಿನ್‌ನ ಬೆನ್ನಿಗೆ ಅಂಟಿಸಿದಳು. ಪ್ರೇಮಪತ್ರ ಪಡೆದವರು ಲೋಕದಲ್ಲಿ ಬಹಳ ಜನ ಇರಬಹುದು. ಓಮ್‌ಗಳಲ್ಲಿ ಪಡೆದವನು ನಾನೊಬ್ಬನೇ.

"ಮೊದಲ ದಿನ ನನ್ನ ಅಳತೆ ಎಷ್ಟು ಬಂತು?" ಎಂದೆ.

"ಆವತ್ತು ನೀನು ತುಂಬಾ ಬಿಸಿ ಇದ್ದೆ. ಇನ್ನೂ ಆರ್ತಾ ಇದೀಯ. ಕಾಯ್ತಿದೀನಿ."

ಮೇ ತಿಂಗಳಲ್ಲಿ ಅವಳಿಗೆ ಫುಕುವೋಕಾದಲ್ಲಿ ಹೊಸ ಕೆಲಸವಾಯಿತು, ಜುಲೈನಿಂದ. ಸುದ್ದಿ ಹೇಳುವಾಗ ನನ್ನನ್ನು ನೋಡದೆ ತಂತಿಯನ್ನೇ ನೋಡುತ್ತಿದ್ದಳು. "ಅಲ್ಲೂ ಐಟಿ ಸ್ಟಾರ್ಟಪ್ ತುಂಬಾ ಇದಾವಂತೆ," ಎಂದಳು. "ಸುಮ್ನೆ ಹೇಳ್ದೆ."

"ಫುಕುವೋಕಾದವರು ನಾನು ಬರ್ಲಿ ಅಂತ ಹತ್ತು ವರ್ಷದಿಂದ ಕಾಯ್ತಿದಾರೆ," ಎಂದೆ.

ಈ ಸಲ ಹುಬ್ಬು ಏರಲಿಲ್ಲ. ನಕ್ಕಳು. ಯಾವ ಸುಳ್ಳಿಗೂ ನಗದವಳು ಆ ನಿಜಕ್ಕೆ ನಕ್ಕಳು.

ಇನ್ನು ದ್ರೋಹದ ವಿಷಯ.

ಜೂನ್ ಮೊದಲ ಭಾನುವಾರ ತಾಮಾ ನದಿಯ ದಡದಲ್ಲಿ ಬಳಗದ ಪಿಕ್ನಿಕ್. ಸುಭದ್ರಾಗೆ ಲ್ಯಾಬಿನಲ್ಲಿ ಕೆಲಸವಿದ್ದುದರಿಂದ ಬರಲಿಲ್ಲ. ಹುಲ್ಲಿನ ಮೇಲೆ ನಾನು ಉಂಗುರದೊಳಗೆ ಉಂಗುರ ಬಿಡುತ್ತಿದ್ದೆ, ಅದರೊಳಗಿಂದ ಹಕ್ಕಿಗಳು ಹಾರಿಹೋಗುತ್ತಿದ್ದವು. ನನ್ನ ರೂಮ್‌ಮೇಟ್ ಲಿಂಗರಾಜು, "ಒಂದ್ಸಲ ನಂಗೂ ಕೊಡೋ ಮಗಾ," ಎಂದ. ಕೊಟ್ಟೆ. ಎಳೆದ. ಎಳೆದವನು ಗಂಟಲು ಹಿಡಿದು ಹಾಗೇ ಕುಸಿದ. ಹತ್ತಿ ಸುಟ್ಟ ಹೊಗೆ. ಕ್ಲಿನಿಕ್ಕಿಗೆ ಕರೆದೊಯ್ದೆವು. ಮೂರು ದಿನ ಅವನಿಗೆ ಮಾತು ಹೊರಡಲಿಲ್ಲ.

ಸುಭದ್ರಾ ಸುತ್ತಿದ ಕಾಯಿಲ್‌ನಲ್ಲಿ ಏನೋ ದೋಷವಿತ್ತು. ಆದರೂ ನಾನು ಎಲ್ಲರ ಮುಂದೆ ಅವಳನ್ನು ಹುಲಿಯ ಹಾಗೆ ಸಮರ್ಥಿಸಿಕೊಂಡೆ. ಅದಕ್ಕೆ ಅವಳು ಕೊಟ್ಟ ಬಹುಮಾನ ಏನು? ಮೌನ. ಹತ್ತೊಂಬತ್ತು ದಿನ ನನ್ನ ಫೋನ್ ಎತ್ತಲಿಲ್ಲ. ನನ್ನ ಮೆಸೇಜುಗಳ ಪಕ್ಕ ನೀಲಿ ಗೆರೆ ಬೀಳುತ್ತಿತ್ತು, ಉತ್ತರ ಮಾತ್ರ ಇಲ್ಲ. ಪಾರ್ಕಿನ ಬೆಂಚಿನಲ್ಲಿ ಎರಡು ಶನಿವಾರ ಒಬ್ಬನೇ ಹತ್ತಿ ಹಿಡಿದು ಕೂತೆ. ಕೊನೆಗೆ, ಅವಳು ನನಗೆ ಹೇಳದೆ ಫುಕುವೋಕಾಕ್ಕೆ ಹೊರಟಿದ್ದಾಳೆ ಎಂದು ತಿಳಿಯಿತು. ಜೊತೆಗೆ ಬಾ ಎಂಬಂತೆ ಮಾತಾಡಿದ್ದವಳು.

ನ್ಯಾಯ ಕೇಳಲು ಶಿನಾಗಾವಾ ಸ್ಟೇಷನ್ನಿಗೆ ಹೋದೆ.

ಶಿಂಕಾನ್‌ಸೆನ್ ಬುಲೆಟ್ ರೈಲಿನ ಪ್ಲಾಟ್‌ಫಾರ್ಮಿನಲ್ಲಿ, ಹಳದಿ ಗೆರೆಯ ಹಿಂದೆ ಅಚ್ಚುಕಟ್ಟಾಗಿ ಸಾಲು ನಿಂತ ಜನರ ನಡುವೆ ಅವಳಿದ್ದಳು. ಅವಳ ಸೂಟ್‌ಕೇಸ್ ಹಿಡಿದು ನಿಂತವನು ಲಿಂಗರಾಜು. ಎರಡನೇ ದ್ರೋಹ.

"ಬಂದ್ರಾ," ಎಂದಳು ಅವಳು.

ಆ ಬಹುವಚನ ಎದೆಗೆ ನೇರ ತಾಗಿತು. ಆದರೂ ಎದೆ ಸೆಟೆಸಿದೆ. "ಇಷ್ಟೆಲ್ಲ ಆದ್ಮೇಲೆ ಒಂದು ಮಾತೂ ಹೇಳದೆ ಹೋಗ್ತಿದೀಯಲ್ಲ. ನಾನು ನಿನಗೇನು ಕಮ್ಮಿ ಮಾಡಿದ್ದೆ?"

"ಮೆಷಿನ್ ಇದೆಯಾ? ಕೊಡಿ."

ಪಿಕ್ನಿಕ್ಕಿನ ನಂತರ ನಾನದನ್ನು ಮುಟ್ಟಿರಲಿಲ್ಲ, ಬ್ಯಾಗಿನ ತಳದಲ್ಲಿ ಬಿದ್ದಿತ್ತು. ತೆಗೆದುಕೊಟ್ಟೆ. ಅವಳು ತಿರುಗಿಸಿ ಬೆನ್ನು ನೋಡಿದಳು. ಟೇಪ್ ಇರಲಿಲ್ಲ. ಸ್ಕ್ರೀನ್ ಬೆಳಗಿಸಿದಳು.

"ಓದಿ."

ಮೆಷಿನ್ ತಣ್ಣಗಿನ ಅಳತೆ ಎಂದು ನಂಬಿಕೊಂಡಿದ್ದ ಅಂಕಿ, ಬೀಗದ ಚಿತ್ರದ ಪಕ್ಕ, 0.19 ಎಂದಿತ್ತು.

ಟ್ಯಾಂಕ್ ಬಿಚ್ಚಿ, ಮತ್ತೆ ತಿರುಗಿಸಿ ಹಾಕಿದಳು. ಹೊಸ ಕಾಯಿಲಾ, ಅದೇ ಕಾಯಿಲಾ ಎಂದು ಕೇಳಿತು. ಹೊಸದು ಎಂದು ಒತ್ತಿದಳು. ಅಂಕಿ ಬದಲಾಯಿತು. 0.12.

"ಹತ್ತೊಂಬತ್ತು ದಿನ ತಣ್ಣಗಿದ್ದು, ನಾನು ಸುತ್ತಿದ ದಿನ ಎಷ್ಟಿತ್ತೋ ಅಷ್ಟೇ ಇದೆ," ಎಂದಳು. "ಕಾಯಿಲ್ ಸರಿಯಾಗೇ ಇದೆ. ಬಿಸಿ ಇದ್ದಾಗ ಯಾರೋ 'ಹೊಸದು' ಒತ್ತಿದಾರೆ. ಯಾರು?"

"ಅಂದ್ರೆ... ಗಾಳಿ ಜೋರಾಗಿತ್ತು, ಆ ಗಾಳಿಗೆ ಬಟನ್..."

"ಹೇಳೋ ಮಗಾ," ಎಂದ ಲಿಂಗರಾಜು. ಅವನ ದನಿ ಇನ್ನೂ ಒಡಕಾಗಿತ್ತು. "ಗಂಟ್ಲು ನಂದು. ನಂಗಾದ್ರೂ ಹೇಳು."

ಬೋರ್ಡಿನ ಮೇಲೆ ಅವಳ ರೈಲಿಗೆ ನಾಲ್ಕು ನಿಮಿಷವಿತ್ತು.

"ಶ್ರೀನಾಥ್ ಸರ್ ಫೋನ್ ಮಾಡಿದ್ರು," ಎಂದಳು ಸುಭದ್ರಾ. ಶ್ರೀನಾಥ್ ಸರ್ ನಮ್ಮ ಬಳಗದ ಹಿರಿಯರು. "ಮಕ್ಕಳಿಗೆ ನಾನು ಆನ್‌ಲೈನಲ್ಲಿ ತಗೊಳ್ಳೋ ಸೈನ್ಸ್ ಕ್ಲಾಸ್ ಇನ್ಮೇಲೆ ಬೇಡ ಅಂದ್ರು. 'ನಿನ್ನ ಲೆಕ್ಕ ತಪ್ಪಿ ಒಬ್ಬರ ಗಂಟಲು ಸುಟ್ಟಿದೆ, ನಂಜುಂಡಸ್ವಾಮಿನೇ ಹೇಳಿದ' ಅಂದ್ರು. ಅಳೆಯೋದೇ ನನ್ನ ಕೆಲಸ, ನಂಜುಂಡಸ್ವಾಮಿ ಅವ್ರೆ. ಅದನ್ನೇ ಸುಳ್ಳು ಅಂದ್ರಲ್ಲ."

ನಾನು ನೆಲ ನೋಡಿದೆ. ಜಪಾನಿನ ನೆಲ ಎಷ್ಟು ಸ್ವಚ್ಛವೆಂದರೆ ಅಡಗಿಕೊಳ್ಳಲು ಒಂದು ಕಸವೂ ಸಿಗುವುದಿಲ್ಲ.

"ನೀನು ಸುಳ್ಳು ಹೇಳ್ತೀಯ ಅಂತ ಮೊದಲ ದಿನವೇ ಗೊತ್ತಿತ್ತು," ಎಂದಳು. 'ನೀನು' ಎಂದದ್ದು ಅವಳಿಗೇ ತಿಳಿಯಲಿಲ್ಲ. "ನಿಕಲ್, ಮ್ಯೂಸಿಯಂ, ವಿಮಾನ. ನಗಿಸೋಕೆ ಹೇಳ್ತೀಯ ಅಂದ್ಕೊಂಡಿದ್ದೆ. ತಪ್ಪಿಸ್ಕೊಳ್ಳೋಕೂ ಅದೇ ಬಾಯಿ ಅಂತ ಗೊತ್ತಿರ್ಲಿಲ್ಲ."

ರೈಲು ಬಂತು. ಬಾಗಿಲು ತೆರೆಯಿತು. ಲಿಂಗರಾಜು ಸೂಟ್‌ಕೇಸ್ ಒಳಗಿಟ್ಟು ಇಳಿದ. ಅವಳು ಮೆಷಿನ್ ಅನ್ನು ನನ್ನ ಕೈಗಿಡದೆ ತನ್ನ ಚೀಲಕ್ಕೆ ಹಾಕಿಕೊಂಡಳು.

"ಇದು ಇನ್ನು ನಿಮಗೆ ಬೇಡ," ಎಂದಳು.

ನಾನು ಪರ್ಸಿನಿಂದ ಟೇಪಿನ ಚೂರು ತೆಗೆದು ತೋರಿಸಿದೆ. ಗುಂಡಗಿನ ಅಕ್ಷರ ಅರ್ಧ ಅಳಿಸಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬಾಗಿಲು ಮುಚ್ಚಿತು. ಗಾಜಿನಾಚೆ ಆ ಬಲಗಡೆಯ ಹುಬ್ಬು ಏರುತ್ತದೇನೋ ಎಂದು ಕಾದೆ. ಕಣ್ಣು ಒರೆಸಿಕೊಳ್ಳಲು ಅವಳು ತಿರುಗಿಬಿಟ್ಟಳು.

ಪ್ಲಾಟ್‌ಫಾರ್ಮಿನ ಬೆಂಚಿನಲ್ಲೇ ಕೂತು ಬಳಗದ ವಾಟ್ಸಾಪ್ ಗ್ರೂಪಿಗೆ ಬರೆದೆ. ನೂರಾ ನಲವತ್ತು ಜನರಿರುವ ಗ್ರೂಪು.

'ಪಿಕ್ನಿಕ್ ದಿನ ಕಾಯಿಲ್ ನಾನೇ ಸುತ್ತಿದ್ದು ಅಂತ ಕೊಚ್ಚಿಕೊಳ್ಳುತ್ತಿದ್ದೆ. ಸುಭದ್ರಾ ಅಕ್ಷರ ಕಾಣಬಾರದೆಂದು ಟೇಪ್ ಕಿತ್ತು ಪರ್ಸಿನಲ್ಲಿಟ್ಟೆ. ದ್ರವ ತುಂಬಲು ಬಿಸಿ ಟ್ಯಾಂಕ್ ಬಿಚ್ಚಿ ಹಾಕಿ, ಕಾಯಲು ತಾಳ್ಮೆಯಿಲ್ಲದೆ ಹೊಸ ಕಾಯಿಲ್ ಎಂದು ಒತ್ತಿದೆ. ಹಾಗೆ ಮಾಡಬಾರದೆಂದು ಅವಳು ಹೇಳಿದ್ದಳು. ಲಿಂಗರಾಜು ಬಿದ್ದಾಗ ಹೆದರಿ, ಸುತ್ತಿದ್ದು ಅವಳು ಎಂದೆ. ಚೆನ್ನಾಗಿದ್ದಾಗ ನನ್ನದು, ಸುಟ್ಟಾಗ ಅವಳದು. ಮಕ್ಕಳ ಕ್ಲಾಸ್ ಅವಳಿಗೇ ವಾಪಸ್ ಕೊಡಿ.'

ಕಳಿಸಿದೆ. ಪಕ್ಕದಲ್ಲಿ ಓದಿ ಮುಗಿಸಿದ ಲಿಂಗರಾಜು, "ಹೂಂ," ಎಂದ. ಅಷ್ಟು ಹೇಳಿ ಎದ್ದುಹೋದ.

ರೈಲು ನಗೋಯಾ ದಾಟುವ ಹೊತ್ತಿಗೆ ಅವಳ ಮೆಸೇಜ್ ಬಂತು. ಒಂದೇ ಪದ.

'ವಿಮಾನ?'

ಉತ್ತರಿಸಿದೆ. ಅದನ್ನೇ ನಿಮಗೂ ಹೇಳುತ್ತಿದ್ದೇನೆ. ಯಾವ ವಿಮಾನವೂ ಒಸಾಕಾಕ್ಕೆ ಹೋಗಲಿಲ್ಲ. ಆ ದಿನ ನಾನು ಒಂದು ಸಲ ಎಳೆದು, ಕೆಮ್ಮಿ, ಕಣ್ಣಲ್ಲಿ ನೀರು ಬಂದು, ಅರ್ಧ ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಕಾಶಿವಾಕ್ಕೆ ರೈಲಿನಲ್ಲೇ ಹೋಗುತ್ತಿದ್ದೆ. ಯಾರ ನಿದ್ದೆಯನ್ನೂ ಕೆಡಿಸಿಲ್ಲ. ಪಿಕ್ನಿಕ್ಕಿನಲ್ಲಿ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ.

ಮೋಸ ಮಾಡಿದ್ದು ಅವಳಲ್ಲ.