ಮದನಪಾಲನ ಮುಖ ನೋಡಿ ಎದ್ದವರು

ಬಹಳ ಕಾಲದ ಹಿಂದೆ, ನಮ್ಮ ನಿಮ್ಮ ಊರಿನ ದಾರಿಗಳು ಇನ್ನೂ ಹುಟ್ಟದಿದ್ದಾಗ, ಹೊಂಬಾಳೆಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ಒಂದು ಕಟ್ಟಳೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಕಣ್ಣು ಬಿಡುವಂತಿಲ್ಲ. ಮನೆಯವರನ್ನು ಕೈಯಿಂದ ತಡವಿ, ಹತ್ತಿರ ಎಳೆದುಕೊಂಡು, ಅವರ ಮುಖ ನೋಡಿಯೇ ಏಳಬೇಕು. ಯಾರೂ ಇಲ್ಲದವರು ಕೊಟ್ಟಿಗೆಗೆ ಹೋಗಿ ದನದ ಮುಖವನ್ನಾದರೂ ನೋಡಿ ಏಳುತ್ತಿದ್ದರು. ಇದೇನು ಮಹಾ ಅನ್ನಬೇಡಿ. ಆ ರಾಜ್ಯದಲ್ಲಿ ಮನೆಯವರು ನೋಡುತ್ತಿದ್ದರೆ ಮಾತ್ರ ಮುಖ ಮುಖವಾಗಿ ಉಳಿಯುತ್ತಿತ್ತು. ಆ ಗುಟ್ಟನ್ನು ಜನ ಯಾವಾಗಲೋ ಮರೆತಿದ್ದರು.

ಬೂದಿಗಣ್ಣ ಎಂಬ ಮಾಂತ್ರಿಕ ಮರೆತಿರಲಿಲ್ಲ. ಅಳಿಸಿಹೋದ ಮುಖಗಳನ್ನು ಅವನು ಒಂದು ಬುಟ್ಟಿಯಲ್ಲಿ ಕೂಡಿಡುತ್ತಿದ್ದ, ಒಂದು ಮುಖ ಸಿಕ್ಕರೆ ಅವನಿಗೆ ಒಂದು ವರ್ಷದ ಆಯುಸ್ಸು. ಊರೂರು ತಿರುಗಿ ಆಟ ಆಡುತ್ತಿದ್ದ ಮದನಪಾಲ ಎಂಬ ಚೆಲುವ ವೇಷಗಾರನನ್ನು ಅವನು ಹಿಡಿದು ತಂದ. ಏಳಂತಸ್ತಿನ ಉಪ್ಪರಿಗೆ ಕಟ್ಟಿ, ಮೇಲಿನ ಕಿಟಕಿಯಲ್ಲಿ ಕೂರಿಸಿದ. ಬೆಳಿಗ್ಗೆ ಇವನ ಮುಖ ನೋಡಿ ಎದ್ದವರಿಗೆ ದಿನವೆಲ್ಲ ಹಬ್ಬ ಅಂತ ಡಂಗುರ ಹೊಡೆಸಿದ. ಮುಗಿಯಿತಲ್ಲ! ಊರಿಗೆ ಊರೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬರ ಸೊಂಟ ಒಬ್ಬರು ಹಿಡಿದು, ಎಡವಿ ಬಿದ್ದು, ಕೋಳಿ ಕೂಗುವ ಮೊದಲೇ ಉಪ್ಪರಿಗೆಯ ಮುಂದೆ ಸೇರತೊಡಗಿತು. ನೋಡಿದವರು ಮಧ್ಯಾಹ್ನವಾದರೂ ಕದಲುತ್ತಿರಲಿಲ್ಲ. ಒಲೆ ತಣ್ಣಗಾಯಿತು, ಹಸಿದ ಕರು ಕಟ್ಟಿದಲ್ಲೇ ಒದರಿತು. ಮದನಪಾಲನ ಎಡಗೆನ್ನೆ ಚಂದ ಅನ್ನುವವರದೊಂದು ಬಣ, ಬಲಗೆನ್ನೆ ಚಂದ ಅನ್ನುವವರದೊಂದು ಬಣ. ಒಡಹುಟ್ಟಿದವರೇ ಕೆನ್ನೆಗಾಗಿ ತಲೆ ಒಡೆದುಕೊಂಡರು. ಕೆನ್ನೆಯ ಯಜಮಾನನಿಗೆ ಮಾತ್ರ ಅದರ ಸುದ್ದಿಯೇ ಇಲ್ಲ.

ಮೈಲಾರಿ ಎಂಬ ಬಳೆಗಾರ ಎಡಗೆನ್ನೆಯ ಬಣದವನು. ಹೆಂಡತಿ ತೀರಿಕೊಂಡಿದ್ದಳು, ಚಂಪಿ ಎಂಬ ಪುಟ್ಟ ಮಗಳಿದ್ದಳು. ಮಗುವನ್ನು ನೆರೆಮನೆಯ ದ್ಯಾಮಜ್ಜಿಗೆ ಒಪ್ಪಿಸಿ, ಅದು ಏಳುವ ಮೊದಲೇ ಹೋದರೆ, ಅದು ಮಲಗಿದ ಮೇಲೇ ಅವನು ಮನೆಗೆ ಬರುತ್ತಿದ್ದ. ದ್ಯಾಮಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ಹಾಗಾಗಿ ಉಪ್ಪರಿಗೆಯ ಹುಚ್ಚೂ ಇರಲಿಲ್ಲ. ಒಂದು ಸಂಜೆ ಅವಳು ಮೈಲಾರಿಯನ್ನು ಕರೆಸಿ, ಮಗುವಿಗೆ ಅನ್ನ ತಿನ್ನಿಸುವಾಗ ಮೂಗೇ ಕೈಗೆ ಸಿಗಲಿಲ್ಲ ಅಂದಳು. ಅಜ್ಜಿಗೆ ಅರಳುಮರಳು ಅಂದುಕೊಂಡು ಅವನು ದೀಪ ಹಿಡಿದು ನೋಡಿದ. ಮೂಗಿಲ್ಲ, ಕಣ್ಣಿಲ್ಲ. ಬಾಯಿಯೊಂದು ಗೆರೆಯಷ್ಟು ಉಳಿದಿತ್ತು.

"ನೋಡುವವರಿಲ್ಲದೆ ಅಳಿಸಿಹೋಗಿದೆ ಕಣೋ," ಅಂದಳು ದ್ಯಾಮಜ್ಜಿ. ಜನ ಮರೆತ ಗುಟ್ಟು ಅವಳಿಗೆ ನೆನಪಿತ್ತು. "ಅಳಿಸಿದ್ದೆಲ್ಲ ಉಪ್ಪರಿಗೆಯ ಬುಟ್ಟಿ ಸೇರುತ್ತದೆ. ನಾಳೆ ಬಾಯಿಯೂ ಹೋದರೆ ಮಗು ಏನು ತಿಂದು ಬದುಕಬೇಕು?"

ಮೈಲಾರಿ ಮಗಳನ್ನು ಹೆಗಲೇರಿಸಿಕೊಂಡು ಹೊರಟೇಬಿಟ್ಟ.

ಉಪ್ಪರಿಗೆಯ ಮೊದಲ ಬಾಗಿಲಲ್ಲಿ ಒಂದು ಪಂಚರಂಗಿ ಗಿಳಿ ಕೂತಿತ್ತು. ಮದನಪಾಲನಿಗಿಂತ ನೀನೇ ಚೆಲುವ, ನಿಂತು ಕೇಳು, ಇನ್ನೂ ಹೇಳುತ್ತೇನೆ ಅಂದಿತು. ನಿಂತು ಕೇಳಿದವರೆಲ್ಲ ನಗುನಗುತ್ತಲೇ ಕಲ್ಲಾಗಿ ಸುತ್ತ ನಿಂತಿದ್ದರು. ನನ್ನ ಚೆಲುವು ಹಾಳಾಗಲಿ, ಮಗು ಹಸಿದಿದೆ ಅಂತ ಮೈಲಾರಿ ದಾಟಿಹೋದ.

ಎರಡನೆಯ ಬಾಗಿಲಲ್ಲಿ ಒಂದು ನವಿಲು ಗರಿ ಬಿಚ್ಚಿತು. ಗರಿಯ ಕಣ್ಣುಕಣ್ಣಲ್ಲೂ ಮದನಪಾಲನೇ. ಒಂದರಲ್ಲಿ ತಲೆ ಬಾಚುತ್ತಿದ್ದ, ಒಂದರಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ, ಒಂದರಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನು ಎಲೆಯಡಿಕೆ ಮೆಲ್ಲುವುದನ್ನು ಕಂಡವರು ಊರಲ್ಲೇ ಇಲ್ಲ! ಮೈಲಾರಿಯ ಕಾಲು ನೆಟ್ಟುಹೋಯಿತು. ಚಂಪಿ ಅವನ ಕಿವಿ ಹಿಡಿದು ಜಗ್ಗಿದಳು. ಥೂ ನನ್ನ ಜನ್ಮಕ್ಕೆ ಅಂದುಕೊಂಡು, ಕಣ್ಣಿಗೆ ಬಟ್ಟೆ ಬಿಗಿದುಕೊಂಡು, ಗೋಡೆ ತಡವುತ್ತ ಮೇಲೆ ಹತ್ತಿದ.

ಮೂರನೆಯ ಬಾಗಿಲಲ್ಲಿ ಹುಲಿಯ ಉಸಿರು ಕೇಳಿಸಿತು. "ನಿನ್ನ ಮಗಳ ಮುಖ ಹೇಗಿತ್ತು, ಹೇಳಿ ಹೋಗು," ಅಂದಿತು ಹುಲಿ.

ಮೈಲಾರಿ ಬಾಯಿ ತೆರೆದ. ಮದನಪಾಲನ ಹುಬ್ಬು ಎಲ್ಲಿ ಕೊಂಕುತ್ತದೆ, ಮಚ್ಚೆ ಯಾವ ಕಡೆ, ಎಲ್ಲ ನಾಲಗೆಯ ತುದಿಗೆ ಬಂತು. ಚಂಪಿಯ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತೇ? ಗೊತ್ತಿಲ್ಲ. ಅವನು ಅಲ್ಲೇ ಕುಸಿದು ಅತ್ತ.

"ಹೆತ್ತ ಮಗಳ ಮುಖ ನನಗೆ ಗೊತ್ತಿಲ್ಲ ಹುಲಿರಾಯ. ತಿನ್ನುವುದಾದರೆ ನನ್ನನ್ನು ತಿನ್ನು, ಮಗುವನ್ನು ಮೇಲಕ್ಕೆ ಬಿಡು."

ಇಲ್ಲಿಯವರೆಗೆ ಬಂದವರೆಲ್ಲ ಮದನಪಾಲನ ಮುಖವನ್ನೇ ವರ್ಣಿಸಿ ತಮ್ಮ ಮಗುವಿನದು ಅಂದರು, ಅವರನ್ನು ನಾನು ನುಂಗಿದೆ, ನೀನೊಬ್ಬ ನಿಜ ಹೇಳಿದೆ ಅಂತ ಹುಲಿ ಪಕ್ಕಕ್ಕೆ ಸರಿಯಿತು.

ಮೇಲೆ ಹೋಗುವಾಗ ಬೆಳಕು ಹರಿಯುತ್ತಿತ್ತು. ಬೂದಿಗಣ್ಣ ಬಲು ಮರ್ಯಾದೆಯಿಂದ ಬರಮಾಡಿಕೊಂಡ. ಮದನಪಾಲ ಮಾರುದೂರದಲ್ಲೇ ಇದ್ದಾನೆ, ಕಣ್ಣಿನ ಬಟ್ಟೆ ಬಿಚ್ಚಿ ಕಣ್ತುಂಬ ನೋಡು ಅಂದ. ಮಗಳಿಗೊಂದು ಮುಖ ತಾನೆ, ಆ ಹಳೆಯದೇ ಯಾಕೆ, ಇದರಲ್ಲಿ ಚಂದದ್ದನ್ನು ಆರಿಸಿಕೋ ಅಂತ ಬುಟ್ಟಿಯ ಮುಚ್ಚಳವನ್ನೂ ತೆರೆದಿಟ್ಟ.

ಮೈಲಾರಿ ಕಣ್ಣಿನ ಬಟ್ಟೆ ಬಿಚ್ಚಿದ, ಕಣ್ಣು ಬಿಡಲಿಲ್ಲ. ಮಗಳನ್ನು ತಡವಿ, ಹತ್ತಿರ ಎಳೆದುಕೊಂಡು, ಆಮೇಲೆ ಕಣ್ಣು ಬಿಟ್ಟ. ಎದುರಿಗೆ ಏನೂ ಇರಲಿಲ್ಲ, ಬರೀ ಚರ್ಮ. ಆದರೂ ನೋಡಿದ. ಪಕ್ಕದಲ್ಲಿ ಮದನಪಾಲ ಕೆಮ್ಮಿದ, ಮೈಲಾರಿ ತಿರುಗಲಿಲ್ಲ. ಕಣ್ಣಲ್ಲಿ ನೀರು ಇಳಿದರೂ ರೆಪ್ಪೆ ಹೊಡೆಯಲಿಲ್ಲ. ಆಗ ಬುಟ್ಟಿಯಿಂದ ಒಂದು ಮುಖ ತಾನಾಗಿ ಎದ್ದು ಬಂದು ಚಂಪಿಯ ಮೇಲೆ ಕೂತಿತು. ಮೊಂಡು ಮೂಗು, ಒಂದು ಕಣ್ಣು ತುಸು ಚಿಕ್ಕದು. ಅಂಥ ಮುಖಕ್ಕೆ ಯಾರೂ ಉಪ್ಪರಿಗೆ ಕಟ್ಟುವುದಿಲ್ಲ. ಮೈಲಾರಿಗೆ ನೋಡಿದಷ್ಟೂ ಸಾಲದಾಯಿತು.

ಅದನ್ನು ಕಂಡ ಮದನಪಾಲ, ಇಷ್ಟು ಜನ ನೋಡಿದರು, ಉಂಡೆಯಾ ಅಂತ ಒಬ್ಬರೂ ಕೇಳಲಿಲ್ಲ ಅಂತ ಕಿಟಕಿಗೆ ಬೆನ್ನು ಹಾಕಿ ಕೂತುಬಿಟ್ಟ. ಕೆಳಗೆ ಜನ ಕಣ್ಣಿನ ಬಟ್ಟೆ ಬಿಚ್ಚಿ ನೋಡಿದರೆ ಬರೀ ಬೆನ್ನು! ಸಿಟ್ಟಿನಿಂದ ಪಕ್ಕದವರ ಕಡೆ ತಿರುಗಿದರು. ಅಣ್ಣ ತಮ್ಮನನ್ನು ಕಂಡ, ತಾಯಿ ಮಗನನ್ನು ಕಂಡಳು. ಬುಟ್ಟಿಯ ಮುಖಗಳೆಲ್ಲ ಕಿಟಕಿಯಿಂದ ಹಾರಿ ಅವರವರನ್ನು ಸೇರಿಕೊಂಡವು. ಕದ್ದ ಆಯುಸ್ಸು ಹೋದ ಮೇಲೆ ಬೂದಿಗಣ್ಣ ಒಂದು ಹಿಡಿ ಬೂದಿಯಾದ. ಕಲ್ಲಾದವರು ಮೈಮುರಿದು ಎದ್ದರು, ಹುಲಿ ನುಂಗಿದವರನ್ನೆಲ್ಲ ಉಗುಳಿತು. ಮದನಪಾಲ ಮತ್ತೆ ಆಟ ಕಟ್ಟಿದ. ಜನ ಈಗಲೂ ನೋಡಿ ಮೆಚ್ಚುತ್ತಾರೆ, ಊಟ ಮಾಡಿಸುತ್ತಾರೆ, ಆಟ ಮುಗಿದ ಮೇಲೆ ಎದ್ದು ಮನೆಗೆ ಹೋಗುತ್ತಾರೆ.

ಆ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಚಂಪಿ ಮರಳಿ ಬಂದ ಕಣ್ಣುಗಳಿಂದ ಮೈಲಾರಿಯನ್ನೇ ನೋಡುತ್ತಿದ್ದಳು. ಅವನ ಗಡ್ಡ ಸವರಿ, ಮೆಲ್ಲಗೆ ಕೇಳಿದಳು, "ನೀನು ಯಾರು?"

"ನಿನ್ನ ಅಪ್ಪ ಕಂದಾ," ಅಂದ ಮೈಲಾರಿ. ಅವತ್ತು ಅವನು ಬಳೆ ಮಾರಲು ಹೋಗಲಿಲ್ಲ. ಮಗಳಿಗೆ ಅನ್ನ ಕಲಸಿ, ತುತ್ತು ಇಡುತ್ತ, ಅವಳಿಗೆ ತನ್ನ ಮುಖ ಗುರುತು ಸಿಗುವವರೆಗೂ ಎದುರಿಗೇ ಕೂತಿದ್ದ.